ಎದುರಿಗಿರುವವರ ಎಡಗಡೆ

ಆಟೋದವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ತಪ್ಪು ಅವರದಲ್ಲ. ತಿರುವು ಹತ್ತಿರ ಬರುತ್ತಿದ್ದಂತೆ ಕತ್ತು ಅರ್ಧ ಹೊರಳಿಸಿ, "ಎಡಕ್ಕಾ ಬಲಕ್ಕಾ ಅಮ್ಮಾ?" ಎನ್ನುತ್ತಾರೆ. ನಾನು ತಟ್ಟನೆ ಹೇಳುವವಳಲ್ಲ. "ಎಡಕ್ಕೆ... ಅಂದರೆ ಯಾರ ಎಡಕ್ಕೆ?" ಎಂದು ತಿರುಗಿ ಕೇಳುತ್ತೇನೆ. ಅಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತದೆ. ಹೋದ ವಾರ ಒಬ್ಬ ಆಟೋ ನಿಲ್ಲಿಸಿಯೇ ಬಿಟ್ಟ. "ಇಬ್ರೂ ಒಂದೇ ಕಡೆ ಮುಖ ಮಾಡ್ಕೊಂಡು ಕೂತಿದೀವಿ ಕಣಮ್ಮಾ. ನಿಮ್ ಎಡಾನೂ ನನ್ ಎಡಾನೂ ಒಂದೇ" ಎಂದ. ಎಷ್ಟು ಸರಳವಾದ ಮಾತು! ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಇದನ್ನು ಒಬ್ಬ ಆಟೋದವನು ಹೇಳಿಕೊಡಬೇಕಾಯಿತು.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ತುಮಕೂರು ರಸ್ತೆಯಲ್ಲಿ, ಮಾಕಳಿಯ ಕಡೆಯ ಒಂದು ಹೈಸ್ಕೂಲಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಟಿಕೊಂಡದ್ದು. ಅಂಟಿಸಿದವರು ಒಬ್ಬ ಕಾರ್ಖಾನೆಯ ಕೆಲಸಗಾರರು. ಅವರ ವಿಷಯ ಹೇಳುವ ಮೊದಲು ನನ್ನ ಪಾಂಡಿತ್ಯದ ಬಗ್ಗೆ ಎರಡು ಮಾತು ಹೇಳಿಬಿಡಬೇಕು; ಇಲ್ಲದಿದ್ದರೆ ನೀವು ನನ್ನನ್ನು ಇರುವುದಕ್ಕಿಂತ ದೊಡ್ಡವಳೆಂದು ತಿಳಿದುಬಿಡುತ್ತೀರಿ.

ನಾನು ಗಣಿತಕ್ಕೆ ಹೆದರಿ ಜೀವಶಾಸ್ತ್ರ ಓದಿದವಳು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು. ಅಮ್ಮ ಅವರೆಕಾಯಿ ಸುಲಿಯುವಾಗ ಹುಳು ಸಿಕ್ಕರೆ ಅದನ್ನು ಸಿಪ್ಪೆಯ ಮೇಲೆ ಹತ್ತಿಸಿಕೊಂಡು ಹೋಗಿ ಕಾಂಪೌಂಡ್ ಗೋಡೆಯ ಮೇಲಿಟ್ಟು, "ಹೋಗಪ್ಪಾ, ಇನ್ನೊಂದು ಮನೆ ನೋಡ್ಕೋ" ಎಂದು ಕಳಿಸಿಕೊಡುತ್ತಿದ್ದಳು. ಇಂಥ ಮನೆಯಿಂದ ಹೋದವಳ ಮುಂದೆ ಕಾಲೇಜಿನವರು ಕಪ್ಪೆಯನ್ನು ಮಲಗಿಸಿ ಕೈಗೆ ಕತ್ತರಿ ಕೊಟ್ಟರು. ನಾನು ಪಕ್ಕದವಳ ಜೊತೆ ಒಪ್ಪಂದ ಮಾಡಿಕೊಂಡೆ. ಕೊಯ್ಯುವುದು ಅವಳು, ಇಬ್ಬರ ಪುಸ್ತಕದಲ್ಲೂ ಚಿತ್ರ ಬರೆಯುವುದು ನಾನು. ಹೀಗೆ ಒಂದು ಪ್ರಾಣಿಯನ್ನೂ ಮುಟ್ಟದೆ ಪದವಿ ಪಡೆದೆ. ಚಿತ್ರ ಮಾತ್ರ ನನ್ನಷ್ಟು ಚೆನ್ನಾಗಿ ಯಾರೂ ಬರೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ನಾಲ್ಕೇ ಗೆರೆಯಲ್ಲಿ ಹೃದಯ ಎಳೆದು, ಶುದ್ಧ ರಕ್ತಕ್ಕೆ ಕೆಂಪು ಸೀಮೆಸುಣ್ಣ, ಅಶುದ್ಧ ರಕ್ತಕ್ಕೆ ನೀಲಿ ಹಚ್ಚಿದೆನೆಂದರೆ ಹೆಡ್‌ಮಾಸ್ಟರು ಕೂಡ ಕಿಟಕಿಯಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಎಂಟು ವರ್ಷ ಹಾಗೆ ಬರೆದಿದ್ದೆ. ನಿಜವಾದ ಹೃದಯ ಹೇಗಿರುತ್ತದೆಂದು ಒಂದು ಸಲವೂ ನೋಡಿರಲಿಲ್ಲ.

ಶಾಲೆಯೂ ನನಗೆ ತಕ್ಕ ಹಾಗೇ ಇತ್ತು. ಪ್ರಯೋಗಾಲಯವೆಂದರೆ ಒಂದು ಬೀರು. ಅದರೊಳಗೆ ಬಾಟಲಿಯಲ್ಲಿ ಮುಳುಗಿಸಿಟ್ಟ ಒಂದು ಹಾವು. ಅಂಟಿಸಿದ್ದ ಚೀಟಿ ಕಳಚಿ ಬಿದ್ದು ಅದು ಯಾವ ಹಾವೆಂದು ಯಾರಿಗೂ ಗೊತ್ತಿರಲಿಲ್ಲ. ಎಂಟನೇ ತರಗತಿಗೆ ಅದು ವಿಷದ ಹಾವು, ಒಂಬತ್ತನೆಯದಕ್ಕೆ ವಿಷವಿಲ್ಲದ್ದು. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ ಎಂದು ತೋರಿಸಲು ಎಲೆಗೆ ಕಪ್ಪು ಕಾಗದ ಸುತ್ತಬೇಕಲ್ಲ, ನಮ್ಮಲ್ಲಿ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಶಾಲೆಯ ಹಿಂದೆ ಕಬ್ಬಿಣ ಕರಗಿಸಿ ಅಚ್ಚು ಹೊಯ್ಯುವ ಕಾರ್ಖಾನೆ. ಅಂಗಳದ ಹೊಂಗೆಯ ಎಲೆಗಳೆಲ್ಲ ತಾವಾಗಿಯೇ ಕಪ್ಪಗಿದ್ದವು.

ಯಶವಂತಪುರದ ನಮ್ಮ ಮನೆಯಿಂದ ಅಲ್ಲಿಗೆ ಎರಡು ಬಸ್ಸು. ಸಂಜೆ ನಾಲ್ಕು ಇಪ್ಪತ್ತರ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂದು ಕಂಡಕ್ಟರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ನಲ್ಲಿ ನೀರು ಐದೂವರೆಗೆ ಬಂದು ಆರಕ್ಕೆ ನಿಲ್ಲುತ್ತಿತ್ತು. ಅದನ್ನು ಹಿಡಿಯಲು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು, ಯಜಮಾನರು ಬರುವಾಗ ಏಳೂವರೆ. ಆ ವರ್ಷಗಳಲ್ಲಿ ನನಗೆ ನಿದ್ದೆ ಬಾರದ ಜಾಗವೇ ಇರಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ಕಣ್ಣು ಎಳೆಯುತ್ತಿತ್ತು.

ಅಂಥ ಒಂದು ವರ್ಷ, ಶಾಲೆ ಶುರುವಾದ ಎರಡನೇ ವಾರ, ಗಂಗಹನುಮಯ್ಯನವರು ಬಂದರು. ಖಾಕಿ ಪ್ಯಾಂಟು, ಜೇಬಿನ ಮೇಲೆ ಎಣ್ಣೆ ಕಲೆ, ಕೈಯಲ್ಲಿ ಊಟದ ಡಬ್ಬಿ. ವಯಸ್ಸು ಮೂವತ್ತಾರು; ನನಗಿಂತ ನಾಲ್ಕು ವರ್ಷ ದೊಡ್ಡವರು. ಯಾರೋ ವಿದ್ಯಾರ್ಥಿಯ ತಂದೆ ಇರಬೇಕು ಎಂದುಕೊಂಡೆ.

"ಇಲ್ಲ ಮೇಡಂ, ನಾನೇ ಓದೋನು" ಎಂದರು. "ಎಲ್ಲಾ ಪಾಸಾಯ್ತು, ಈ ಸೈನ್ಸ್ ಒಂದು ಉಳ್ಕಂಡೈತೆ. ಎರಡು ಸಲ ಕಟ್ಟಿ ಎರಡು ಸಲಾನೂ ಮಕಾಡೆ ಬಿದ್ದೆ."

ಪಕ್ಕದ ಹಳ್ಳಿಯವರು. ಮನೆಯವರ ಹೊಲ ಕಾರ್ಖಾನೆಗೆ ಹೋದಾಗ, ಅದಕ್ಕೆ ಬದಲಾಗಿ ಪೀಣ್ಯದಲ್ಲಿ ನೀರಿನ ಪಂಪು ಮಾಡುವ ಕಡೆ ಇವರಿಗೆ ಕೆಲಸ ಸಿಕ್ಕಿತ್ತು. ಹದಿನಾಲ್ಕು ವರ್ಷದಿಂದ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುತ್ತಿದ್ದರು. ಈಗ ಅವರ ವಿಭಾಗದ ಮೇಲ್ವಿಚಾರಕರು ಮುಂದಿನ ಬೇಸಿಗೆ ಕಳೆದ ಮೇಲೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಇವರಷ್ಟು ಕೆಲಸ ಬಲ್ಲವರು ಬೇರೆ ಇರಲಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಪಾಸಾಗಿರಲೇಬೇಕು. ಮನೆಯಲ್ಲಿ ಕೂತು ಓದಿದರೆ ತಲೆಗೆ ಹತ್ತುವುದಿಲ್ಲ, ಬೆಳಗಿನ ಪಾಳಿ ಮುಗಿಸಿಕೊಂಡು ಬಂದು ನಿಮ್ಮ ಕ್ಲಾಸಿನಲ್ಲಿ ಹಿಂದೆ ಕೂತುಕೊಳ್ಳಲಾ ಎಂದು ಕೇಳಿದರು. ನಾನು ಹೆಡ್‌ಮಾಸ್ಟರ ಮುಖ ನೋಡಿದೆ.

"ಕೂತ್ಕೊಳ್ಳಲಿ ಬಿಡಿ ಮೇಡಂ. ಬೆಂಚೇನು ಸವೆದು ಹೋಗಲ್ಲ" ಎಂದರು ಅವರು.

ಕೂತುಕೊಂಡರು. ಮಧ್ಯಾಹ್ನದ ನಂತರದ ನನ್ನ ಪಿರಿಯಡ್ಡಿಗೆ ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ, ಮೊಣಕಾಲು ಹಿಡಿಸದೆ ಒಂದು ಕಾಲು ಹೊರಗೆ ಚಾಚಿಕೊಂಡು. ಹುಡುಗರಿಗೆ ಮೊದಲ ವಾರ ತಮಾಷೆ, ಆಮೇಲೆ ಅಭ್ಯಾಸ. ತೊಂದರೆ ಬಂದದ್ದು ಭಾಷೆಯದು. ಅವರಿಗೆ ಗೊತ್ತಿರದ ವಿಷಯ ಆ ಪುಸ್ತಕದಲ್ಲಿ ಕಡಿಮೆಯೇ ಇತ್ತು. ಹಸು ಗಬ್ಬ ಕಟ್ಟುವುದು, ಬೀಜ ಮೊಳೆಯುವುದು, ಕಸಿ ಕಟ್ಟುವುದು ಎಲ್ಲ ಕೈಯಲ್ಲಿ ಮಾಡಿದ್ದವರು. ಆದರೆ ಅದೇ ಸಂಗತಿ ಪುಸ್ತಕದಲ್ಲಿ ಸಂಸ್ಕೃತದ ಪಂಚೆ ಉಟ್ಟು ಬಂದರೆ ಗುರುತೇ ಹಿಡಿಯುತ್ತಿರಲಿಲ್ಲ. ಹೃದಯದ ಮೇಲಿನ ಕೋಣೆ ಹೃತ್ಕರ್ಣ, ಕೆಳಗಿನದು ಹೃತ್ಕುಕ್ಷಿ ಎಂದು ನಾನು ಹೇಳಿದರೆ, ಹಿಂದಿನ ಬೆಂಚಿನಿಂದ "ಹೃತ್... ಹೃತ್..." ಎಂದು ಲೇತ್ ಯಂತ್ರ ಶುರು ಮಾಡಿದ ಹಾಗೆ ಸದ್ದು ಬರುತ್ತಿತ್ತು.

ಇನ್ನೊಂದು ತೊಂದರೆ ನಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದ ಮನುಷ್ಯ, ಎಂಟು ಗಂಟೆ ನಿಂತು ದುಡಿದು ಬಂದು, ಹೆಂಚಿನ ಮಾಡಿನ ಕೆಳಗೆ ಮೂರು ಗಂಟೆಯ ಸೆಕೆಯಲ್ಲಿ ಜೀರ್ಣಾಂಗವ್ಯೂಹ ಕೇಳಿದರೆ ಇನ್ನೇನಾಗಬೇಕು? ಒಂದು ದಿನ ಗೊರಕೆಯೇ ಕೇಳಿಸಿತು. ನನಗೂ ಅವತ್ತು ಬೆಳಗಿನಿಂದ ತಲೆ ಸಿಡಿಯುತ್ತಿತ್ತು.

"ಗಂಗಹನುಮಯ್ಯನವರೇ, ಇದು ಛತ್ರ ಅಲ್ಲ" ಎಂದೆ.

ತರಗತಿ ಗೊಳ್ಳೆಂದಿತು. ಅವರು ಎದ್ದು ನಿಂತರು. ಎದ್ದು ನಿಂತು, ನಾನು ಕೂತುಕೊಳ್ಳಿ ಎನ್ನುವವರೆಗೂ ಹುಡುಗರ ಹಾಗೆ ಕೈಕಟ್ಟಿಕೊಂಡು ನಿಂತೇ ಇದ್ದರು. ಸಂಜೆ ಬಸ್ಸಿನಲ್ಲಿ ಅದು ನೆನಪಾಗಿ ನಾಚಿಕೆಯಾಯಿತು. ಮರುದಿನ ಒಂದು ಮಾತು ಆಡಬೇಕು ಎಂದುಕೊಂಡೆ. ಆಡಲಿಲ್ಲ.

ಹೃದಯದ ಪಾಠ ಬಂದದ್ದು ಚಳಿಗಾಲದಲ್ಲಿ. ಒಂದು ಬುಧವಾರ, ಬರಬೇಕಾದ ಹೊತ್ತಿಗಿಂತ ಮೊದಲೇ ಬಿಳಿ ಷರಟು ಹಾಕಿಕೊಂಡು ಬಂದರು. ಅಣ್ಣನ ಮನೆಯಲ್ಲಿ ಬಾಡೂಟವಂತೆ, ಕೆಲಸಕ್ಕೆ ರಜೆ ಹಾಕಿದ್ದರಂತೆ. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣವಿತ್ತು.

"ಮೇಡಂ, ನೀವು ಬೋರ್ಡ್ ಮ್ಯಾಲೆ ಬರೀತೀರಲ್ಲ, ಅದು. ಕುರಿದು. ಕೊಳವೆ ಉದ್ದ ಬುಟ್ಟು ಕುಯ್ಯಿ ಅಂತ ಹೇಳಿ ಇಸ್ಕಂಡ್ ಬಂದೆ."

ನನಗೆ ಅರ್ಥವಾಗುವ ಮೊದಲೇ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಇಡೀ ತರಗತಿ ಮೇಜಿನ ಸುತ್ತ ಬಂದು ಬಿದ್ದಿತು. "ಅಯ್ಯೋ, ಇದು ಗುಂಡಿಗೆ! ನಮ್ಮನೇಲಿ ಸಾರಿಗೆ ಹಾಕ್ತಾರೆ ಮೇಡಂ" ಎಂದಳು ಮುಂದಿನ ಬೆಂಚಿನ ಹುಡುಗಿಯೊಬ್ಬಳು. ಎಂಟು ತಿಂಗಳಲ್ಲಿ ಪಾಠದ ಹೊತ್ತು ಅವಳು ಆಡಿದ ಮೊದಲ ಮಾತು ಅದು.

ಗಂಗಹನುಮಯ್ಯನವರು ಒಂದು ಲೋಟ ನೀರು ತರಿಸಿದರು. ಹೃದಯವನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ದಪ್ಪ ಕೊಳವೆಯೊಳಗೆ ನೀರು ಹೊಯ್ದರು. ನೀರು ಕೆಳಗಿಳಿಯಲಿಲ್ಲ, ಕೊಳವೆಯ ಬಾಯಿವರೆಗೆ ತುಂಬಿ ನಿಂತಿತು.

"ನೋಡ್ರಪ್ಪಾ. ಒಳಗಡೆ ಮೂರು ಪಾಕೆಟ್ ಥರ ಐತೆ, ಅದು ಮುಚ್ಕಂಡ್‌ಬುಟ್ಟೈತೆ. ಬಾವೀಲಿ ಮೋಟರು ಪೈಪಿನ ತುದಿಗೆ ಫುಟ್‌ವಾಲ್ವ್ ಹಾಕ್ತಾರಲ್ಲ, ಇಂಗೇ. ಮ್ಯಾಲೆ ಹೋದ ನೀರು ಕೆಳಗಡೆ ವಾಪಸ್ ಬರಬಾರ್ದು. ನಾವು ದಿನಾ ಇದನ್ನೇ ಕಬ್ಬಿಣದಾಗೆ ಮಾಡ್ತೀವಿ."

ಕವಾಟ ಎಂಬ ಪದಕ್ಕೆ ನಾನು ಎಂಟು ವರ್ಷ "ಬಾಗಿಲು" ಎಂಬ ಅರ್ಥ ಬರೆಸಿದ್ದೆ. ಅದು ಹೀಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಕಿಟಕಿಯ ಹತ್ತಿರ ನಿಂತು ಮೊದಲ ಸಲ ಕಂಡೆ. ಆಮೇಲೆ ಅವರು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಂದು ಕಡೆಯ ಗೋಡೆ ತೆಳ್ಳಗೆ, ಇನ್ನೊಂದು ಕಡೆಯದು ಅದರ ಮೂರರಷ್ಟು ದಪ್ಪ. "ಯಾಕೆ ಹೇಳಿ?" ಎಂದೆ ನಾನು ಅಲ್ಲಿಂದಲೇ, ಮೇಷ್ಟ್ರಗಿರಿ ಬಿಟ್ಟುಕೊಡಲಾಗುತ್ತದೆಯೇ? "ಒಂದು ಪಕ್ಕದ ಮನೆಗೆ ಪಂಪ್ ಮಾಡ್ತದೆ, ಶ್ವಾಸಕೋಶಕ್ಕೆ. ಇನ್ನೊಂದು ಇಡೀ ಊರಿಗೇ ಮಾಡ್ಬೇಕು" ಎಂದರು ಅವರು. ನಾನು ಹತ್ತಿರ ಹೋದೆ. ಹುಡುಗರು ಜಾಗ ಬಿಟ್ಟರು. ತೋರುಬೆರಳಿನಿಂದ ಆ ದಪ್ಪ ಗೋಡೆಯನ್ನು ಮುಟ್ಟಿದೆ. ತಣ್ಣಗೆ, ಗಟ್ಟಿಯಾಗಿತ್ತು. ಅಮ್ಮ ನೆನಪಾದಳು. ಕೈ ಮಾತ್ರ ಹಿಂದೆ ತೆಗೆಯಲಿಲ್ಲ.

ಪಾಠ ಎಂದರೆ ಅವತ್ತು ನಡೆದದ್ದು ಪಾಠ. ಅದು ಅಲ್ಲಿಗೇ ಮುಗಿದಿದ್ದರೆ ಈ ಕಥೆಯನ್ನು ನಾನು ಎಲ್ಲರ ಮುಂದೂ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಗಂಟೆ ಹೊಡೆಯಿತು. ಹುಡುಗರು ಹೋದರು. ಮೇಜು ಒರೆಸಿ, ನಾನು ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬರುವಾಗ ನಾಲ್ಕು ಗಂಟೆ ಹದಿನೈದು ನಿಮಿಷ. ಗಂಗಹನುಮಯ್ಯನವರು ಹಿಂದಿನಿಂದ ಬಂದರು. ಒಂದು ಕೈಯಲ್ಲಿ ಹೃದಯ, ಇನ್ನೊಂದರಲ್ಲಿ ತೆರೆದ ಪುಸ್ತಕ.

"ಮೇಡಂ, ಒಂದು ನಿಮಿಷ. ಇಂಗೆ ಇಡ್ಕಂಡ್ರೆ ಈ ದಪ್ಪ ಕೋಣೆ ನನ್ನ ಬಲಗಡೆ ಬರ್ತದೆ. ಚಿತ್ರದಾಗೂ ಬಲಗಡೆಗೇ ಐತೆ. ಅದಕ್ಕೆ ಎಡ ಅಂತ ಹೆಸರು ಬರ್ದವ್ರೆ. ಪ್ರಿಂಟ್ ಮಿಸ್ಟೇಕಾ?"

ಉತ್ತರಕ್ಕೆ ಅರ್ಧ ನಿಮಿಷ ಸಾಕಿತ್ತು. ಚಿತ್ರ ಎಂದರೆ ನಮ್ಮ ಎದುರಿಗೆ ನಿಂತ ಮನುಷ್ಯನ ಹೃದಯ, ಅವನ ಎಡ ನಮಗೆ ಬಲವಾಗಿ ಕಾಣುತ್ತದೆ. ಅಷ್ಟೇ. ಆದರೆ ನನ್ನ ಕಿವಿಯಲ್ಲಿ ಬಸ್ಸಿನ ಸದ್ದಿತ್ತು, ಕಣ್ಣ ಮುಂದೆ ಖಾಲಿ ಕೊಡಗಳಿದ್ದವು.

"ಪುಸ್ತಕದಲ್ಲಿ ಇದ್ದ ಹಾಗೆ ಬರ್ಕೊಳ್ಳಿ, ಸಾಕು" ಎಂದೆ. "ಪರೀಕ್ಷೆಗೆ ಅದಕ್ಕಿಂತ ಬೇಕಾಗಲ್ಲ."

ಬಸ್ಸು ಸಿಕ್ಕಿತು. ನೀರೂ ಸಿಕ್ಕಿತು. ಆ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ, ನನಗೂ ಮರೆತುಹೋಯಿತು.

ಬೇಸಿಗೆಯಲ್ಲಿ ಪರೀಕ್ಷೆ ನಡೆಯಿತು. ವಿಜ್ಞಾನದ ಪರೀಕ್ಷೆಯ ಮರುದಿನ ಅವರು ಪ್ರಶ್ನೆಪತ್ರಿಕೆ ಹಿಡಿದು ಹಿಗ್ಗಿನಿಂದ ಬಂದರು. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಬಿದ್ದಿತ್ತು. ಹೇಗೆ ಬರೆದಿರಿ ಎಂದೆ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದರು. ನನ್ನ ಚಿತ್ರಕ್ಕಿಂತ ಚೆನ್ನಾಗಿತ್ತು. ಗೋಡೆಯ ದಪ್ಪ, ಕವಾಟದ ಮೂರು ಕಿಸೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗಿತ್ತು. ಆಮೇಲೆ ಹೆಸರು ಬರೆಯತೊಡಗಿದರು. ದಪ್ಪ ಕೋಣೆಗೆ ಬಲ ಹೃತ್ಕುಕ್ಷಿ, ತೆಳ್ಳನೆಯದಕ್ಕೆ ಎಡ ಹೃತ್ಕುಕ್ಷಿ. ಒಂದೂ ಕಾಗುಣಿತದ ತಪ್ಪಿಲ್ಲದೆ, ಇದ್ದ ಎಡಬಲಗಳನ್ನೆಲ್ಲ ಅದಲುಬದಲು ಮಾಡಿದ್ದರು.

"ಪುಸ್ತಕದಲ್ಲಿ ಇದ್ದ ಹಾಗೆ ಬರೀರಿ ಅಂದಿದ್ದೆನಲ್ಲ" ಎಂದೆ.

"ಪುಸ್ತಕ ತಪ್ಪಿತ್ತಲ್ಲ ಮೇಡಂ! ಕಾರ್ಖಾನೇಲಿ ಡ್ರಾಯಿಂಗ್ ತಪ್ಪಿದ್ರೆ ಅಂಗೇ ಕಡೆಯಕ್ಕಾಯ್ತದಾ? ಪೀಸು ಸ್ಕ್ರಾಪ್ ಆಯ್ತದೆ. ನಾವೇ ಸರಿ ಮಾಡ್ಕಂಡು ಕಡೀತೀವಿ. ಕಣ್ಣಾರ ನೋಡಿದ್ನಲ್ಲ, ನನ್ನ ಬಲಗಡೆಗೆ ಇತ್ತು."

ಆಗ ನಾನು ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ಎಡಗೈ ಎತ್ತಿಸಿ, ಆ ಅರ್ಧ ನಿಮಿಷದ ಮಾತನ್ನು ಹೇಳಿದೆ. ಅವರು ತಮ್ಮ ಕೈ ನೋಡಿದರು, ನನ್ನ ಕೈ ನೋಡಿದರು, ಬೋರ್ಡು ನೋಡಿದರು. "ಓ... ಎದುರಿಗಿರೋರ ಎಡ" ಎಂದು ಮೆಲ್ಲಗೆ ಹೇಳಿ, ಡಸ್ಟರ್ ತೆಗೆದುಕೊಂಡು ತಾವೇ ಚಿತ್ರ ಒರೆಸಿದರು. ಅವತ್ತು ನಾನೇಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಫಲಿತಾಂಶ ಬಂತು. ವಿಜ್ಞಾನದಲ್ಲಿ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು. ಆ ಚಿತ್ರಕ್ಕೆ ಇದ್ದದ್ದು ಐದು ಅಂಕ. ಅದರಿಂದಲೇ ಹೋಯಿತೆಂದು ಆಣೆ ಮಾಡಿ ಹೇಳಲಾರೆ. ಉತ್ತರಪತ್ರಿಕೆಯನ್ನು ನೋಡಿದವರು ಯಾರು? ಬೇರೆ ಕಡೆಯೂ ಎಡವಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ನಂಬಿಕೆ ಮಾತ್ರ ಬರಲಿಲ್ಲ.

ಶಾಲೆ ಮತ್ತೆ ಶುರುವಾದಾಗ ಕೊನೆಯ ಬೆಂಚು ಖಾಲಿ ಇತ್ತು. ನಿಜ ಹೇಳುತ್ತೇನೆ, ಮೊದಲು ಹಾಯೆನಿಸಿತು. ಮುಖ ನೋಡುವ ಕಷ್ಟ ತಪ್ಪಿತಲ್ಲ. ಒಂದು ತಿಂಗಳು ಹಾಗೇ ಕಳೆಯಿತು. ಕೊನೆಗೆ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ ನಿಲ್ದಾಣದ ಕಡೆ ಹೊರಟವಳು ಅದ್ಯಾಕೋ ತಿರುಗಿ ಅವರ ಹಳ್ಳಿಯ ದಾರಿ ಹಿಡಿದೆ.

ಮನೆಯಲ್ಲಿ ಅವರ ಹೆಂಡತಿ ಜಯಮ್ಮ ಇದ್ದರು. ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. "ಈಗ ಬತ್ತಾರೆ ಕೂತ್ಕಳಿ ಮೇಡಮ್ಮೋರೇ. ಪೇಲಾದ್ರೂ ಅಂತ ಒಂದು ಮಾತು ಆಡ್ನಿಲ್ಲ ಅವ್ರು. ಆ ಕ್ಯಾಮೆ ಬೇರೆಯೋರ್ಗೆ ಓಯ್ತು, ಆಗ್ಲೂ ಆಡ್ನಿಲ್ಲ. ಆದ್ರೆ ಅಲ್ಲೊಂದು ಬರ್ದವ್ರೆ ನೋಡಿ ಬನ್ನಿ" ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೊರದಷ್ಟು ದೊಡ್ಡ ಹೃದಯ. ಹೆಸರುಗಳೆಲ್ಲ ಸರಿಯಾದ ಕಡೆ ಇದ್ದವು. ಅದರ ಕೆಳಗೆ ಎಮ್ಮೆ ಮೆಲುಕು ಹಾಕುತ್ತಾ ನಿಂತಿತ್ತು.

ಜಯಮ್ಮ ಆಡಿದ ಮಾತಿನಿಂದಲೇ ನನಗೆ ಸುದ್ದಿ ತಿಳಿದದ್ದು. ಮೇಲ್ವಿಚಾರಕರ ಜಾಗ ಹೋದ ತಿಂಗಳೇ ತುಂಬಿತ್ತು. ಇವರ ಕೈಕೆಳಗೆ ಕೆಲಸ ಕಲಿತ, ಪಾಸಾದ ಕಾಗದ ಇದ್ದ, ಚಿಕ್ಕ ವಯಸ್ಸಿನವನೊಬ್ಬನಿಗೆ ಸಿಕ್ಕಿತ್ತು.

ಗಂಗಹನುಮಯ್ಯನವರು ಬಂದಾಗ ನಾನು ಬೇರೇನೂ ಮಾತಾಡದೆ, "ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ" ಎಂದೆ.

"ಇನ್ಯಾಕೆ ಮೇಡಂ? ಜಾಗಾನೇ ಓಯ್ತಲ್ಲ."

"ಜಾಗಕ್ಕಲ್ಲ. ನಿಮಗೆ ಬರುತ್ತೆ, ಅದಕ್ಕೆ. ಶನಿವಾರ ಶನಿವಾರ ನಾನೇ ಇಲ್ಲಿಗೆ ಬರ್ತೀನಿ."

ಅವರು ಗೋಡೆ ನೋಡಿ ನಕ್ಕರು. ಒಪ್ಪಿದರೋ, ಬಂದವಳ ಮನಸ್ಸು ನೋಯಿಸಬಾರದೆಂದು ಹೂಂ ಎಂದರೋ. ಏಳು ಶನಿವಾರ ಹೋದೆ. ಒಂದು ಶನಿವಾರ ನಾನು ಓದಿಸುತ್ತಾ ಕಂಬಕ್ಕೆ ಒರಗಿ ನಿದ್ದೆ ಹೋದೆ; ಎಚ್ಚರವಾದಾಗ ಜಯಮ್ಮ ತಲೆಯ ಹಿಂದೆ ದಿಂಬು ಇಟ್ಟಿದ್ದರು, ಗಂಗಹನುಮಯ್ಯನವರು ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ಇದು ಛತ್ರ ಅಲ್ಲ ಎಂದು ಯಾರೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಬರೆದರು, ಐವತ್ತೊಂದು ಬಂತು. ಅಂಕಪಟ್ಟಿ ತೋರಿಸಲು ಶಾಲೆಗೆ ಬಂದಾಗ ಒಂದು ಚೀಲ ಹಿತ್ತಲ ಅವರೆಕಾಯಿ ತಂದಿದ್ದರು. ಕೆಲಸ ಹಳೆಯದೇ, ಅದೇ ಲೇತ್ ಯಂತ್ರ. ಮುಂದೆಯೂ ಅದರ ಮುಂದೆಯೇ ನಿಂತು ನಿವೃತ್ತರಾದರು ಎಂದು ಆಮೇಲೆ ಕೇಳಿದೆ. ಅವತ್ತು ಮಾತ್ರ ಸಂತೋಷವಾಗಿದ್ದರು. ಹೆಡ್‌ಮಾಸ್ಟರು ಬೆನ್ನು ತಟ್ಟಿ ಒಳಗೆ ಹೋದರು. ಅಂಗಳದ ಹೊಂಗೆ ಮರದ ಕೆಳಗೆ ನಾವಿಬ್ಬರೇ ಉಳಿದೆವು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ಗಂಗಹನುಮಯ್ಯನವರೇ, ಅವತ್ತು ನೀವು ಕೇಳಿದಾಗಲೇ ನಾನು ಹೇಳಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು ಅಂತ ಹೇಳಲಿಲ್ಲ. ತಪ್ಪು ನನ್ನದು. ಆದರೆ... ನೀವು ಮರುದಿನ ಇನ್ನೊಂದು ಸಲ ಕೇಳಬಹುದಿತ್ತಲ್ಲ?"

ಅವರು ಅಂಕಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ಕೇಳಾಣ ಅಂತ್ಲೇ ಮಾರನೇ ದಿನ ಬಂದಿದ್ದೆ ಮೇಡಂ. ನಿಮ್ಮ ಮುಖ ನೋಡಿದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಗೇಟಿಂದ ಆಚೆ ಬರೋರ ಮುಖ ಅಂಗೇ ಇರ್ತದೆ. ಅಂಥೋರ್ನ ನಾವು ಏನೂ ಕೇಳಕ್ಕೋಗಲ್ಲ. ಬುಡಿ, ಪಾಪ, ಮನೆಗೋಗ್ಲಿ ಅಂತೀವಿ."

ಅಷ್ಟು ಹೇಳಿ, ಆ ವಾರ ಮಧ್ಯಾಹ್ನದ ಪಾಳಿ, ಹೊತ್ತಾಯಿತೆಂದು ಹೊರಟರು.

ಆಮೇಲೆಯೂ ಎಷ್ಟೋ ವರ್ಷ ಪಾಠ ಮಾಡಿದೆ, ಬೇರೆ ಬೇರೆ ಶಾಲೆಗಳಲ್ಲಿ. ಆಯಾಸ ಕಡಿಮೆಯಾಗಲಿಲ್ಲ, ಕೊಡಗಳ ಬದಲು ಬೇರೆ ಏನೋ ಒಂದು ಕಾಯುತ್ತಲೇ ಇರುತ್ತಿತ್ತು. ಮೊದಲೆಲ್ಲ, ಪಾಠ ಮುಗಿಸಿ "ಏನಾದರೂ ಕೇಳುವುದಿದೆಯಾ?" ಎಂದಾಗ ತರಗತಿ ಸದ್ದಿಲ್ಲದೆ ಕೂತಿದ್ದರೆ, ಎಲ್ಲರಿಗೂ ಅರ್ಥವಾಯಿತು ಎಂದು ನೆಮ್ಮದಿಯಿಂದ ಚೀಲ ಹೆಗಲಿಗೇರಿಸುತ್ತಿದ್ದೆ. ಆ ಹೊಂಗೆ ಮರದ ಕೆಳಗಿನ ಮಾತಿನ ನಂತರ, ಅಷ್ಟೂ ಮಕ್ಕಳು ಬಾಯಿ ಮುಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತರೆ, ನನಗೆ ಭಯವಾಗತೊಡಗಿತು.